ಬಸವನಿಗೆ ದೊಡ್ಡ ಬ್ರೇಕು

೭ ಸೆಪ್ಟೆಂಬರ್ ೨೦೦೩, ಭಾನುವಾರ

ಇವತ್ತು ಚಾಮುಂಡಿ ಬೆಟ್ಟ ಇಳಿಯುವಾಗ ಮೂರನೆಯ ತಿರುವಿನಲ್ಲಿ ನಮ್ಮ ಪಿಕಪ್ ಗಾಡಿ ನಿಂತಿತು. ನಿಲ್ಲಿಸಿದ್ದು ನಾನಲ್ಲ, ರಸ್ತೆ ಪಕ್ಕದ ಮಣ್ಣಿನ ದಿಬ್ಬ.

ಮೇಲೆ ಯಾರದೋ ಹರಕೆಯ ಊಟ, ಮುನ್ನೂರು ಎಲೆ. ಊಟ ಮುಗಿಸಿ ಕೊಪ್ಪರಿಗೆ, ಬಾಣಲೆ, ಕೊಳಗ, ಶಾಮಿಯಾನದ ಕಂಬ ಎಲ್ಲ ಹೇರಿಕೊಂಡು ಬರುತ್ತಿದ್ದೆವು. ಪಕ್ಕದಲ್ಲಿ ಹೆಂಡತಿ ಪ್ರೇಮಲೀಲಾ, ಅವಳ ತೊಡೆಯ ಮೇಲೆ ಸೌಟಿನ ಲೆಕ್ಕದ ಪಟ್ಟಿ. ಎರಡನೆಯ ತಿರುವು ದಾಟಿದ ಮೇಲೆ ಬ್ರೇಕ್ ಒತ್ತಿದರೆ ರಾಗಿಮುದ್ದೆಯ ಮೇಲೆ ಕಾಲಿಟ್ಟ ಹಾಗಾಯಿತು. ಪೆಡಲು ಒಳಕ್ಕೆ ಹೋಯಿತು, ಗಾಡಿ ಮುಂದಕ್ಕೆ ಹೋಯಿತು. ಗೇರು ಇಳಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ತಾಯಿ ಚಾಮುಂಡಿಯನ್ನೂ ಮನೆದೇವರನ್ನೂ ಒಂದೇ ಉಸಿರಿನಲ್ಲಿ ಕರೆದೆ. ಕೊನೆಗೆ ಕಣಿವೆಗಿಂತ ದಿಬ್ಬ ವಾಸಿ ಎಂದು ಆ ಕಡೆಗೆ ತಿರುಗಿಸಿದೆ. ಹಿಂದಿದ್ದ ಪಾತ್ರೆಗಳೆಲ್ಲ ಒಟ್ಟಿಗೆ ಮುಂದಕ್ಕೆ ಬಂದವು.

ಯಾರಿಗೂ ಏನೂ ಆಗಲಿಲ್ಲ. ಬಂಪರ್ ಸೊಟ್ಟಗಾಯಿತು, ಒಂದು ಕೊಳಗ ನಗ್ಗಿತು. ಪ್ರೇಮಾ ಇಳಿದಳು, ಸೀರೆ ಕೊಡವಿದಳು, ಹಿಂದಕ್ಕೆ ಹೋಗಿ ಸೌಟು ಎಣಿಸಿದಳು. ಆಮೇಲೆ ರಸ್ತೆಯಲ್ಲಿ ಬಂದ ಸಿಟಿ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೋದಳು. ನನ್ನ ಮುಖ ನೋಡಲಿಲ್ಲ.

ನನಗೇನೂ ಭಯವಾಗಲಿಲ್ಲ. ಕೈ ನಡುಗಿದ್ದು ಸ್ಟೇರಿಂಗ್ ಬಿಗಿಹಿಡಿದ ಆಯಾಸಕ್ಕೆ. ಇವತ್ತಿನ ಅಕ್ಷರ ಸೊಟ್ಟಗಿರುವುದೂ ಅದಕ್ಕೇ.

ಬಸವನ ಬೆನ್ನಿಗೆ ಮುನ್ನೂರು ಎಲೆ,
ಬೆಟ್ಟದ ದಿಬ್ಬಕ್ಕೆ ಬಂಪರಿನ ಬೆಲೆ.

(ಬಸವ ಅಂದರೆ ಗಾಡಿ. ಹೆಸರಿಟ್ಟವನು ನಾನೇ.)

೯ ಸೆಪ್ಟೆಂಬರ್, ಮಂಗಳವಾರ

ಎರಡು ದಿನದಿಂದ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡುತ್ತಿವೆ.

ಅಗ್ರಹಾರದ ಈ ಪಾತ್ರೆ ಬಾಡಿಗೆ ಅಂಗಡಿ ನಮ್ಮಪ್ಪನ ಕಾಲದ್ದು. ಕೆಲಸ ಹಂಚಿಕೊಂಡಿರುವುದು ಹೀಗೆ: ಗಾಡಿ ಓಡಿಸುವುದು, ಮಾತಾಡುವುದು ನಾನು, ಎಣಿಸುವುದು, ನೆನಪಿಟ್ಟುಕೊಳ್ಳುವುದು ಅವಳು. ಬಿ.ಎ. ಮಾಡಿದವನು ನಾನು, ವ್ಯವಹಾರ ನಡೆಯುವುದು ಅವಳಿಂದ. ಇಪ್ಪತ್ತು ವರ್ಷದಿಂದ ಪ್ರತಿ ಊಟಕ್ಕೂ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ ಒಂದೇ ಗಾಡಿಯಲ್ಲಿ ಬಂದಿದ್ದೇವೆ. ಇವತ್ತು ಕುವೆಂಪುನಗರದ ನಾಮಕರಣಕ್ಕೆ ಅವಳು ಆಟೊದಲ್ಲಿ ಬಂದಳು. ಗಾಡಿಯ ಪಕ್ಕದಲ್ಲೇ ಇಳಿದು, ಅದು ಯಾರದೋ ಎಂಬಂತೆ ನಡೆದು ಹೋದಳು.

ಸಂಜೆ ಕಾಫಿ ಲೋಟ ಇಟ್ಟು ಹೇಳಿದಳು.

"ಕಾರ್ತೀಕದ ಕೊನೇ ಸೋಮವಾರ ಬೆಟ್ಟದಲ್ಲಿ ದಾಸೋಹ ಒಪ್ಕೊಂಡಿದ್ದೀವಿ. ಅಷ್ಟರೊಳಗೆ ಆ ಗಾಡೀಲಿ ಕೂತ್ಕೊಳ್ಳೋಕೆ ನಂಗೆ ಧೈರ್ಯ ಬಂದ್ರೆ ಸರಿ. ಬರ್ಲಿಲ್ವಾ, ಮಾರ್ಬುಡಿ."

ನೀನು ಬಸ್ಸಿನಲ್ಲಿ ಬಾ, ನಾನು ಗಾಡಿಯಲ್ಲಿ ಬರುತ್ತೇನೆ ಅಂದೆ.

"ನಾನು ಕೂರದ ಗಾಡೀಲಿ ನೀವೂ ಕೂರೋದು ಬೇಡ," ಅಂದಳು.

ಬ್ರೇಕಿಗೆ ಏನೂ ಆಗಿಲ್ಲ, ಕಾದಿತ್ತು ಅಷ್ಟೆ ಎಂದು ಗೊಣಗಿದೆ. ಹಿಂದಿನ ಹಲಗೆಯ ಮೇಲೆ ನಾನೇ ಬರೆಸಿದ ಸಾಲು ಇದೆ: "ಅವಸರದವನು ಆಸ್ಪತ್ರೆಗೆ, ನಿಧಾನಸ್ಥನು ಊಟದೆಲೆಗೆ." ಹಿಂದೆ ಬರುವವರೆಲ್ಲ ಓದಿ ನಗುತ್ತಾರೆ. ಮೊನ್ನೆ ಅದನ್ನು ಓದಬೇಕಾಗಿದ್ದವನು ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದ.

೧೪ ಸೆಪ್ಟೆಂಬರ್, ಭಾನುವಾರ

ಕೆಸರೆಯಲ್ಲಿ ಬೆಟ್ಟಯ್ಯ ಎಂಬ ಮೆಕ್ಯಾನಿಕ್ ಇದ್ದಾನೆ. ಅರವತ್ತು ದಾಟಿರಬೇಕು. ತಗಡಿನ ಶೆಡ್ಡು, ಹೊರಗೆ ಹೊಂಗೆ ಮರ. ಹೆಸರು ಬೆಟ್ಟಯ್ಯ, ಕೇಳಿದ್ದೂ ಬೆಟ್ಟದ ವಿಷಯವನ್ನೇ.

"ಇಳಿಯೋವಾಗ ಯಾವ ಗೇರು?"

ಮೂರನೆಯದು ಅಂದೆ.

"ಮಿಕ್ಕಿದ್ದು?"

ಬ್ರೇಕು ಅಂದೆ.

ಅವನು ಮುಂದಿನ ಚಕ್ರ ಬಿಚ್ಚಿ, ಒಳಗಿನ ಕಬ್ಬಿಣದ ತಟ್ಟೆಯನ್ನು ತೋರಿಸಿದ. ಕಾದು ಕಾದು ನವಿಲುಗರಿಯ ನೀಲಿ ತಿರುಗಿತ್ತು. ಆ ತಟ್ಟೆಯೇ ಡಿಸ್ಕು. ಅದನ್ನು ಎರಡೂ ಮಗ್ಗುಲಿನಿಂದ ಕಚ್ಚಿ ಹಿಡಿಯುವ ಗಟ್ಟಿ ಇಕ್ಕಳ ಒಂದಿದೆ, ಅದು ಕ್ಯಾಲಿಪರ್. ಇಕ್ಕಳದ ಬಾಯಲ್ಲಿ ಎರಡು ಪ್ಯಾಡು. ಪ್ಯಾಡು ಡಿಸ್ಕಿಗೆ ಉಜ್ಜಿದಾಗ ಗಾಡಿ ನಿಲ್ಲುತ್ತದೆ. ಪಾತ್ರೆಯವನಿಗೆ ಇಕ್ಕಳದ ಮಾತು ಸಲೀಸಾಗಿ ತಿಳಿಯುತ್ತದೆ.

"ಬ್ರೇಕಿನ ತಪ್ಪಿಲ್ಲ ಸಾ," ಅಂದ. "ಮುಕ್ಕಾಲು ಟನ್ನಿಗೆ ಮಾಡಿರೋ ಇಕ್ಕಳ ಇದು. ನೀವು ಕಲ್ಯಾಣಮಂಟಪಾನೇ ಏರ್ಕಂಡು ಇಳೀತಿದ್ದೀರಿ."

ಉಪಾಯ ಇದೆಯಂತೆ. ದೊಡ್ಡ ಜೀಪಿನ ಕ್ಯಾಲಿಪರು ಇದಕ್ಕಿಂತ ಒಂದೂವರೆಯಷ್ಟು ದೊಡ್ಡದು. ಅದಕ್ಕೆ ತಕ್ಕ ದೊಡ್ಡ ಡಿಸ್ಕೂ ಸಿಗುತ್ತದೆ. ಕೂರಿಸಲು ನಡುವೆ ಒಂದು ಕಬ್ಬಿಣದ ಪಟ್ಟಿ ಮಾಡಿಸಬೇಕು. ಪೆಡಲಿನಿಂದ ಎಣ್ಣೆ ತಳ್ಳುವ ಸಿಲಿಂಡರನ್ನೂ ದೊಡ್ಡದು ಹಾಕಬೇಕು. ಯಾಕೆ ಎಂದು ಕೇಳಿದ್ದಕ್ಕೆ, "ಬ್ರೇಕು ಅಂದ್ರೆ ಎಣ್ಣೆ ಸಾ. ಕಾಲು ಎಣ್ಣೆ ಒತ್ತುತದೆ, ಎಣ್ಣೆ ಇಕ್ಕಳ ಒತ್ತುತದೆ," ಅಂದ. ಅವನ ಮಟ್ಟಿಗೆ ಇದು ಭಾಷಣ. ನೆನಪಿಗಿರಲಿ ಎಂದು ಬರೆದಿಟ್ಟಿದ್ದೇನೆ: ಬ್ರೇಕು ಅಂದರೆ ಎಣ್ಣೆ.

ಊರೊಳಗೆ ಓಡಾಡಲು ಸದ್ಯಕ್ಕೆ ಹಳೆಯ ಇಕ್ಕಳಕ್ಕೇ ಹೊಸ ಪ್ಯಾಡು ಹಾಕಿಕೊಟ್ಟ. ಕೈ ಸ್ವಲ್ಪ ನಡುಗುತ್ತದೆ ಅವನಿಗೆ. ನೋಡೋಣ.

೨೦ ಸೆಪ್ಟೆಂಬರ್, ಶನಿವಾರ

ಪ್ರೇಮಾಗೆ ತಲೆನೋವು, ಊಟದ ಮನೆಗೆ ನಾನೊಬ್ಬನೇ ಹೋದೆ. ಹೋದ ಸೌಟು ಅರವತ್ತು, ಬಂದ ಸೌಟು ಐವತ್ತೈದು. ಆ ಐದು ಈಗ ಯಾರ ಯಾರ ಮನೆಯ ಸಾರಿನಲ್ಲಿ ಮುಳುಗೇಳುತ್ತಿವೆಯೋ.

ಬೆಟ್ಟದ ಮೇಲಿನ ಒಂದು ಊಟಕ್ಕೆ ಕೇಳಿಕೊಂಡು ಬಂದಿದ್ದರು. ಮಂಡಿನೋವು ಅಂತ ಹೇಳಿ ಕಳಿಸಿದೆ. ಮಂಡಿಗೆ ಏನೂ ಆಗಿಲ್ಲ. ಆದರೂ ಸುಮ್ಮನೆ ಯಾಕೆ ಎಂದು.

ಈಚೆಗೆ ಇಳಿಜಾರಿರುವ ರಸ್ತೆಗಳನ್ನು ಬಿಟ್ಟು ಸುತ್ತಿಕೊಂಡು ಬರುತ್ತಿದ್ದೇನೆ. ಆ ದಾರಿಗಳಲ್ಲಿ ಮರಗಳ ನೆರಳು ಚೆನ್ನಾಗಿರುತ್ತದೆ.

೨೯ ಸೆಪ್ಟೆಂಬರ್, ಸೋಮವಾರ

ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಮಂಜುಶ್ರೀ ಎಂಬ ಹೆಣ್ಣುಮಗಳ ಲೇತ್ ವರ್ಕ್‌ಶಾಪಿಗೆ ಹೋಗಿದ್ದೆವು, ನಾನು ಮತ್ತು ಬೆಟ್ಟಯ್ಯ. ಐ.ಟಿ.ಐ. ಮಾಡಿ ಗಂಡನ ಜೊತೆ ಸೇರಿ ನಡೆಸುತ್ತಿದ್ದಾಳೆ. ಲೇತಿನ ಮುಂದೆ ಅವಳು, ಬಿಲ್ಲಿನ ಮುಂದೆ ಅವನು. ನಮ್ಮ ಮನೆಯ ಹಾಗೆಯೇ ತಲೆಕೆಳಗು.

ಪಟ್ಟಿಯ ಅಳತೆಯನ್ನು ನಾನು ದಾರಕ್ಕೆ ಗಂಟು ಹಾಕಿ ತಂದಿದ್ದೆ. ಕೊಪ್ಪರಿಗೆಯ ಬಾಯಿಯನ್ನು ಹಾಗೇ ಅಳೆಯುವುದು. ಆ ಹುಡುಗಿ ದಾರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಸಾರ್, ಇದು ಬ್ರೇಕಿಗೋ ಉಡಿದಾರಕ್ಕೋ?" ಅಂತ ಕೇಳಿತು. ಬೆಟ್ಟಯ್ಯ ಆ ಕಡೆ ತಿರುಗಿಕೊಂಡ. ಭುಜ ಅಲ್ಲಾಡುತ್ತಿತ್ತು.

ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಗಾಡಿಗೆ ಹಿಡಿದು ನೋಡಿ, ಆಮೇಲೆ ದಪ್ಪ ಕಬ್ಬಿಣದಲ್ಲಿ ಎರಡು ಪಟ್ಟಿ ಮಾಡಿಕೊಟ್ಟಳು. ಅಂಗಡಿಯಿಂದ ನೋಡಲಿಕ್ಕೆಂದು ಎರವಲು ತಂದಿದ್ದ ದೊಡ್ಡ ಕ್ಯಾಲಿಪರು ಅದರ ಮೇಲೆ ಅಳತೆ ತೆಗೆದ ಬಳೆಯ ಹಾಗೆ ಕೂತಿತು. ಆದರೆ ಚಕ್ರ ಹಾಕಿದರೆ ರಿಮ್ಮು ಕ್ಯಾಲಿಪರಿಗೆ ತಾಗುತ್ತದೆ. ತಾಗುವುದು ಒಂದು ಬೆಂಕಿಕಡ್ಡಿಯಷ್ಟು. ಒಂಚೂರು ಉಜ್ಜಿ ತೆಗೆದರಾಯಿತಲ್ಲ ಅಂದೆ. ಬೆಟ್ಟಯ್ಯ ನನ್ನನ್ನು ನೋಡಿದ ರೀತಿ, ನಾನು ದೇವರ ಮೂಗು ಉಜ್ಜಲು ಹೇಳಿದ ಹಾಗಿತ್ತು. ಒಂದಂಗುಲ ದೊಡ್ಡ ರಿಮ್ಮೇ ಬೇಕಂತೆ.

ಇಕ್ಕಳ ದೊಡ್ಡದು, ಚಕ್ರ ದೊಡ್ಡದು,
ಬಸವನ ಒಡೆಯನ ಬಾಯೂ ದೊಡ್ಡದು.

ಈ ಎರಡನೆಯ ಸಾಲು ಪ್ರೇಮಲೀಲಾಳದ್ದು. ಮೂರು ವಾರದಲ್ಲಿ ಅವಳು ಆಡಿದ ಮೊದಲ ತಮಾಷೆ.

೪ ಅಕ್ಟೋಬರ್, ಶನಿವಾರ, ಆಯುಧಪೂಜೆ

ಅಗ್ರಹಾರದ ಬೀದಿಯಲ್ಲಿ ಬೆಳಗಿನಿಂದ ಬೂದುಗುಂಬಳ ಒಡೆಯುವ ಸದ್ದು. ನಮ್ಮಲ್ಲೂ ಕೊಪ್ಪರಿಗೆ, ಬಾಣಲೆ, ಸೌಟು, ತಕ್ಕಡಿ ಎಲ್ಲ ತೊಳೆದು, ಸಾಲಾಗಿ ಇಟ್ಟು, ವಿಭೂತಿ ಬಳಿದು, ಹೂ ಇಟ್ಟೆವು. ಬಸವನಿಗೆ ಚೆಂಡುಹೂವಿನ ಹಾರ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.

ನಿನ್ನೆಯೇ ಅಂಗಡಿಯಿಂದ ಬಲಗಡೆಯ ಹೊಸ ಕ್ಯಾಲಿಪರಿನ ಡಬ್ಬ ಬಂತು, ಪ್ಯಾಡಿನ ಸಮೇತ. ಎಡಗಡೆಯದು ಬೆಂಗಳೂರಿನಿಂದ ಹಬ್ಬ ಕಳೆದ ಮೇಲೆ ಬರುತ್ತದಂತೆ. ಬಲವೇ ಮೊದಲು ಬಂದದ್ದು ಶುಭ. ಪ್ರೇಮಾ ಅಡುಗೆಮನೆಯಲ್ಲಿದ್ದಳು, ಇದರ ಪೂಜೆ ನಾನೇ ಮಾಡಿದೆ. ಹೋದ ವರ್ಷ ನೀರಿನಲ್ಲಿ ಕಲಸಿ ಬಳಿದ ವಿಭೂತಿ ವಾರದೊಳಗೆ ಉದುರಿತ್ತು. ಈ ಸಲ ಹರಳೆಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದೆ. ಕ್ಯಾಲಿಪರಿನ ಬೆನ್ನಿಗೆ ಮೂರು ಪಟ್ಟೆ. ಪ್ಯಾಡುಗಳಿಗೆ ಸುಮ್ಮನೆ ಹಿಂದೆಲ್ಲೋ ಬಳಿದು ಕೈ ತೊಳೆದುಕೊಳ್ಳಲಿಲ್ಲ. ಉಜ್ಜುವ ಮೈ ಇದೆಯಲ್ಲ, ಗಾಡಿ ನಿಲ್ಲಿಸುವುದು ಅದೇ ತಾನೆ, ಅಲ್ಲಿಯೇ ಧಾರಾಳವಾಗಿ ಬಳಿದೆ. ಬ್ರೇಕು ಅಂದರೆ ಎಣ್ಣೆ ಎಂದು ಬೆಟ್ಟಯ್ಯನೇ ಹೇಳಿದ್ದಾನೆ.

ನೀರಿನ ವಿಭೂತಿ ವಾರಕೆ ಉದುರಿತು,
ಎಣ್ಣೆಯ ವಿಭೂತಿ ಪ್ಯಾಡಿಗೆ ಹಿಡಿಯಿತು.

ಒಳ್ಳೆಯ ಪ್ರಾಸ. ಮನಸ್ಸಿಗೆ ಹಗುರವಾಗಿದೆ.

೧೩ ಅಕ್ಟೋಬರ್, ಸೋಮವಾರ

ಎಡಗಡೆಯ ಡಬ್ಬವೂ ಬಂತು. ಎರಡನ್ನೂ ಕೆಸರೆಗೆ ಒಯ್ದೆ. ಬಲಗಡೆಯದರ ಮೇಲಿದ್ದ ವಿಭೂತಿಯನ್ನು ಮನೆಯಲ್ಲೇ ಬಟ್ಟೆಯಿಂದ ನೀಟಾಗಿ ಒರೆಸಿ, ಪೇಪರಿನಲ್ಲಿ ಸುತ್ತಿದ್ದೆ. ಬೆಟ್ಟಯ್ಯ ನೋಡಿದರೆ ನಗುತ್ತಾನೆ. ಅವನ ಭುಜ ಅಲ್ಲಾಡುವುದು ನನಗೆ ಆಗುವುದಿಲ್ಲ. ಅವನು ಡಿಸ್ಕುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಪ್ಯಾಡು ಹೊಸದು ತಾನೆ ಎಂದು ಕೇಳಿದ. ಹೊಸದೇ ಅಂದೆ.

ಮಧ್ಯಾಹ್ನ ಪ್ರೇಮಾ ಊಟದ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಳು. ಊಟ ನೆಪ, ಕೆಲಸ ಕಣ್ಣಾರೆ ನೋಡಬೇಕಿತ್ತು. ಆ ಹೊತ್ತಿಗೆ ಪೈಪಿನೊಳಗಿನ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಮೂರು ಜನ ಇದ್ದರೆ ಸಲೀಸು: ಒಬ್ಬರು ಪೆಡಲು ಒತ್ತಬೇಕು, ಒಬ್ಬರು ತಿರುಪು ಬಿಚ್ಚಬೇಕು, ಒಬ್ಬರು ಶೀಸೆ ಹಿಡಿಯಬೇಕು.

"ಅಮ್ಮ, ಒಂಚೂರು ಕೂತ್ಕಂಡು ಒತ್ಕೊಡಿ," ಅಂದ ಬೆಟ್ಟಯ್ಯ.

"ಆ ಗಾಡಿ ಹತ್ತಲ್ಲ ಅಂತ ಹೇಳ್ಬಿಟ್ಟಿದ್ದೀನಿ."

"ಚಕ್ರಾನೇ ಇಲ್ಲ ಕಣಮ್ಮ. ಎಲ್ಗೆ ಓಯ್ತದೆ?"

ಪ್ರೇಮಾ ಬಗ್ಗಿ ನೋಡಿದಳು. ನಿಜವಾಗಿಯೂ ಚಕ್ರ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನನ್ನ ಸೀಟಿನಲ್ಲಿ ಕೂತಳು. ಒಂದು ಗಂಟೆ ಅದೇ ಮಂತ್ರ: ಒತ್ತಿ, ಇಡ್ಕಳಿ, ಬುಡಿ. ಶೀಸೆಯೊಳಗೆ ಗುಳ್ಳೆ ಬರುವುದು ನಿಂತಿದೆ ಎಂದು ನಾನು ಹೇಳುವ ಮೊದಲೇ ಮೇಲಿಂದ ಅವಳ ಮಾತು: "ಈಗ ಕಲ್ಲಾಯ್ತು ನೋಡಿ." ಬೆಟ್ಟಯ್ಯ ಎದ್ದು ಬಂದು ತಾನೂ ಒಮ್ಮೆ ಒತ್ತಿ, ತಲೆಯಾಡಿಸಿ, ಅಮ್ಮನಿಗೆ ಕಾಲಿನ ಗುಣ ಇದೆ ಅಂದ.

ಮನೆಗೆ ಬಸ್ಸಿನಲ್ಲೇ ಹೋದಳು. ಆದರೂ.

೧೯ ಅಕ್ಟೋಬರ್, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಕಡಕೊಳದ ಕಾರ್ಖಾನೆಗಳ ರಸ್ತೆ ಭಾನುವಾರ ಖಾಲಿ. ಪರೀಕ್ಷೆ ಅಲ್ಲಿಯೇ ಎಂದಾಗಿತ್ತು. ಪ್ರೇಮಾ ಬೇವಿನ ಮರದ ಕೆಳಗೆ ನಿಂತಿದ್ದಳು, ಪಕ್ಕದಲ್ಲಿ ಬೆಟ್ಟಯ್ಯ. ನಲವತ್ತರ ವೇಗದಲ್ಲಿ ಬಂದು ಜೋರಾಗಿ ಒತ್ತಿದೆ. ಬಸವ ನಿಲ್ಲುವ ಬದಲು ಎಡಕ್ಕೆ ತಿರುಗಿ, ರಸ್ತೆ ಬಿಟ್ಟು, ಸೀದಾ ಅವರಿಬ್ಬರ ಕಡೆಗೆ ನುಗ್ಗಿತು. ಮರದಿಂದ ಎರಡು ಮಾರು ದೂರದಲ್ಲಿ ನಿಂತಿತು. ಪ್ರೇಮಾ ಬೆಟ್ಟಯ್ಯನ ತೋಳು ಹಿಡಿದು ಆ ಕಡೆಗೆ ಎಳೆದುಕೊಂಡಿದ್ದಳು.

ಬೆಟ್ಟಯ್ಯ ಪೈಪು ನೋಡಿದ, ಪಟ್ಟಿ ನೋಡಿದ, ಸೋರಿಕೆ ಇಲ್ಲ ಅಂದ. ಬಲಗಡೆ ಹಿಡಿಯುತ್ತಿಲ್ಲ, ಶೆಡ್ಡಿಗೆ ತನ್ನಿ, ಬಿಚ್ಚಿ ನೋಡುತ್ತೇನೆ ಅಂದ. ನಾನು ಬಿಡಲಿಲ್ಲ. ಎದುರಿನ ಟೀ ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನೋಡುತ್ತಿದ್ದರು ಎಂದೇ ದನಿ ಏರಿಸಿದೆ.

"ಕೈ ನಡುಗೋ ವಯಸ್ಸಲ್ಲಿ ಬ್ರೇಕಿನ ಕೆಲಸ ಯಾಕೆ ಒಪ್ಕೋತೀಯ? ಸೈಕಲ್ ಪಂಕ್ಚರ್ ಹಾಕ್ಕೊಂಡಿರು."

ಅವನು ಕೈ ಒರೆಸಿಕೊಂಡ, ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟ, ಮುಖ್ಯರಸ್ತೆಗೆ ನಡೆದು ಹೋದ. ಬಂದದ್ದು ನಂಜನಗೂಡು ಬಸ್ಸು, ಅವನು ಹತ್ತಲಿಲ್ಲ. ಎದುರು ಬದಿಯ ಮೈಸೂರು ಬಸ್ಸಿಗೆ ಬಹಳ ಹೊತ್ತು ಕಾದ. ಅಷ್ಟು ಹೊತ್ತೂ ನಾನು ಟೈರು ನೋಡುತ್ತಾ ನಿಂತಿದ್ದೆ.

೨೦ ಅಕ್ಟೋಬರ್, ಸೋಮವಾರ

ಏನೂ ಇಲ್ಲ.

೨೬ ಅಕ್ಟೋಬರ್, ಭಾನುವಾರ, ಬಲಿಪಾಡ್ಯಮಿ

ತರಕಾರಿ ವ್ಯಾಪಾರದ ಗುರುಸಿದ್ದಯ್ಯ ಗಾಡಿ ನೋಡಲು ಬಂದಿದ್ದರು. ಮಾರುವ ಸುದ್ದಿ ಹೇಗೋ ಹಬ್ಬಿದೆ. ಬಾನೆಟ್ಟು ತಟ್ಟಿ ನೋಡಿದರು, ಹಲಗೆಯ ಮೇಲಿನ ಪ್ರಾಸವನ್ನು ಅಳಿಸಿಕೊಡುತ್ತೀರಾ ಎಂದು ಕೇಳಿದರು. ಕಾರ್ತೀಕ ಮುಗಿಯಲಿ ನೋಡೋಣ ಎಂದು ಪ್ರೇಮಾ ಒಬ್ಬಟ್ಟು ಕೊಟ್ಟು ಕಳಿಸಿದಳು.

ಅವರು ಹೋದ ಮೇಲೆ ಹೇಳಿದಳು: "ನಾನು ಒತ್ತಿದಾಗ ಪೆಡಲು ಕಲ್ಲಿನ ಥರ ಇತ್ತು ಕಣ್ರೀ. ನಿಮಗಿಂತ ಚೆನ್ನಾಗಿ ನನ್ನ ಕಾಲಿಗೆ ಗೊತ್ತು. ಅವ್ರ ಕೆಲ್ಸದಲ್ಲಿ ತಪ್ಪಿಲ್ಲ."

ಹಾಗಾದರೆ ತಪ್ಪು ಯಾರದು?

೩೦ ಅಕ್ಟೋಬರ್, ಗುರುವಾರ

ತಪ್ಪು ಸಿಕ್ಕಿತು.

ಬೆಟ್ಟಯ್ಯನದಲ್ಲದಿದ್ದರೆ ಅಂಗಡಿಯವನದು ಎಂದು ತೀರ್ಮಾನಿಸಿದ್ದೆ. ಬಲಗಡೆಯ ಡಬ್ಬ ಒಂದು ಸಲ, ಎಡಗಡೆಯದು ಇನ್ನೊಂದು ಸಲ ಕೊಟ್ಟಿದ್ದಾನೆ. ಬಲಗಡೆಯದರಲ್ಲಿ ಹಳೆಯ ಸರಕು ತುಂಬಿ ಸಾಗಹಾಕಿರಬೇಕು. ಜಗಳಕ್ಕೆ ಹೋಗುವ ಮುನ್ನ ಡಬ್ಬ ಬಂದ ತಾರೀಖು ಬೇಕಿತ್ತು. ಈ ಪುಸ್ತಕವನ್ನೇ ತಿರುವಿದೆ. ಅಕ್ಟೋಬರ್ ನಾಲ್ಕು. "ಉಜ್ಜುವ ಮೈ ಇದೆಯಲ್ಲ, ಗಾಡಿ ನಿಲ್ಲಿಸುವುದು ಅದೇ ತಾನೆ, ಅಲ್ಲಿಯೇ ಧಾರಾಳವಾಗಿ ಬಳಿದೆ."

ಎರಡು ಸಲ ಓದಿದೆ. ಕೆಳಗೆ ಪ್ರಾಸವೂ ಇತ್ತು, ಒಳ್ಳೆಯ ಪ್ರಾಸ ಎಂಬ ಷರಾ ಸಮೇತ.

ಅಂಗಳಕ್ಕೆ ಹೋಗಿ ಬಲಗಡೆಯ ಚಕ್ರದ ಹತ್ತಿರ ಬಗ್ಗಿ ಮೂಸಿದೆ. ನಮ್ಮಜ್ಜಿ ಶನಿವಾರ ಎಣ್ಣೆ ನೀರು ಹಾಕುತ್ತಿದ್ದಾಗ ಬಚ್ಚಲಮನೆಯಲ್ಲಿ ಇರುತ್ತಿದ್ದ ವಾಸನೆ. ಎಡಗಡೆ ಮೂಸಿದೆ, ಬರೀ ಕಬ್ಬಿಣ. ಒಂದು ಚಕ್ರಕ್ಕೆ ಅಭ್ಯಂಜನ ಮಾಡಿಸಿ, ಇನ್ನೊಂದನ್ನು ಬಿಟ್ಟು, ಗಾಡಿ ಸೀದಾ ನಿಲ್ಲಲಿಲ್ಲ ಎಂದು ಅರವತ್ತು ದಾಟಿದ ಮನುಷ್ಯನನ್ನು ಬೀದಿಯಲ್ಲಿ ನಿಲ್ಲಿಸಿ ಅಂದಿದ್ದೆ.

ಪ್ರೇಮಾಳಿಗೆ ಹೇಳಲು ಅರ್ಧ ಗಂಟೆ ಬೇಕಾಯಿತು. ಅವಳು ಕೇಳಿದ್ದು ಒಂದೇ ಮಾತು: "ಎಣ್ಣೇನಾ?" ಆಮೇಲೆ ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ನಾಳೆ ಬೆಳಿಗ್ಗೆ ಮೊದ್ಲು ಕೆಸರೆಗೆ ಹೋಗಿ," ಅಂದಳು. ಹೋಗುವುದಾಗಿ ನಾನೂ ಅಂದುಕೊಂಡಿದ್ದೆ.

ಪ್ರಾಸ ಹೊಳೆಯುತ್ತಿಲ್ಲ.

೩೧ ಅಕ್ಟೋಬರ್, ಶುಕ್ರವಾರ

ಕೆಸರೆಗೆ ಬಸ್ಸಿನಲ್ಲಿ ಹೋದೆ. ಬೆಟ್ಟಯ್ಯನವರು ಒಂದು ಸ್ಕೂಟರಿನ ಎಂಜಿನ್ ಬಿಚ್ಚಿಕೊಂಡು ಕೂತಿದ್ದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ತಪ್ಪಾಯಿತು ಎಂದು ಬಾಯಲ್ಲಿ ಹೇಳಲು ನಾಲ್ಕು ಸಲ ನೋಡಿದೆ, ಆಗಲಿಲ್ಲ. ಚೀಲದಿಂದ ಈ ಪುಸ್ತಕ ತೆಗೆದು, ಹೊಂಗೆ ಮರದ ಕೆಳಗೆ ನಿಂತು, ಅಕ್ಟೋಬರ್ ನಾಲ್ಕನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಪ್ರಾಸವನ್ನೂ ಬಿಡಲಿಲ್ಲ. ಆಮೇಲೆ ಹದಿಮೂರನೆಯ ತಾರೀಖು, ಒರೆಸಿ ಪೇಪರಿನಲ್ಲಿ ಸುತ್ತಿದ್ದು. ಆಮೇಲೆ ಹತ್ತೊಂಬತ್ತು, ನಾನು ಅಂದ ಮಾತು. ಅದನ್ನು ಓದುವಾಗ ಸ್ಕೂಟರಿನವನೂ ಅಲ್ಲೇ ಇದ್ದ.

ಬೆಟ್ಟಯ್ಯನವರು ಸ್ಪ್ಯಾನರ್ ಕೆಳಗಿಟ್ಟರು.

"ಹಬ್ಬದ ಮಾರ್ನೇ ದಿನ ನಂಗೆ ವರ್ಸಾ ವರ್ಸಾ ಇದೇ ಕೆಲ್ಸ ಸಾ," ಅಂದರು. "ಬೆಲ್ಟಿಗೆ ಕುಂಕುಮ ಹಾಕಿರ್ತಾರೆ. ಪ್ಲಗ್ಗಿಗೆ ಗಂಧ. ಕಾರ್ಬೊರೇಟರಿಗೆ ತೀರ್ಥ ಕುಡಿಸಿದೋನೂ ಒಬ್ಬ ಅವ್ನೆ. ಪ್ಯಾಡಿಗೆ ಹರಳೆಣ್ಣೆ ಸವರಿದೋರು ನೀವೇ ಮೊದ್ಲು."

ಅವರ ಭುಜ ಅಲ್ಲಾಡತೊಡಗಿತು. ಆಮೇಲೆ ನನ್ನದೂ.

ಆಮೇಲೆ ಅವರು ನಗು ನಿಲ್ಲಿಸಿ ತಮ್ಮ ಬಲಗೈಯನ್ನು ಮುಂದೆ ಹಿಡಿದು ತೋರಿಸಿದರು. ನಡುಗುತ್ತಿತ್ತು. ಸ್ಪ್ಯಾನರ್ ಎತ್ತಿಕೊಂಡು ಒಂದು ನಟ್ಟಿಗೆ ಹಚ್ಚಿದರು. ನಡುಕ ನಿಂತಿತು.

೨ ನವೆಂಬರ್, ಭಾನುವಾರ

ಎರಡೂ ಕಡೆಗೆ ಹೊಸ ಪ್ಯಾಡು. ಬೆಟ್ಟಯ್ಯನವರು ಮುಟ್ಟಲಿಲ್ಲ, ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಬಲಗಡೆಯ ಡಿಸ್ಕನ್ನು ಪೆಟ್ರೋಲಿನಲ್ಲಿ ಮೂರು ಸಲ ತೊಳೆಸಿದರು, ಮರಳುಕಾಗದದಲ್ಲಿ ಉಜ್ಜಿಸಿದರು. ಕೈ ತೋರಿಸಿ ಅಂದರು. ತೋರಿಸಿದೆ. ಸೋಪು ಹಾಕಿ ತೊಳೆದು ಬನ್ನಿ ಅಂದರು. ನಲವತ್ತೈದನೆಯ ವಯಸ್ಸಿನಲ್ಲಿ ಊಟಕ್ಕೆ ಮೊದಲು ಕೈ ತೋರಿಸುವ ಹುಡುಗನಾದೆ.

ಎಣ್ಣೆ ಕುಡಿದ ಆ ಎರಡು ಪ್ಯಾಡುಗಳನ್ನು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ.

೯ ನವೆಂಬರ್, ಭಾನುವಾರ

ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ ನಲವತ್ತರ ವೇಗದಿಂದ ಮೂವತ್ತು ಸಲ ನಿಲ್ಲಿಸಬೇಕಂತೆ, ನಡುನಡುವೆ ಆರಲು ಬಿಟ್ಟು. ಮತ್ತೆ ಅದೇ ಕಡಕೊಳದ ರಸ್ತೆ, ಅದೇ ಬೇವಿನ ಮರ. ಪ್ರೇಮಾ ಅದರ ಕೆಳಗೆ ಎಣಿಸಲು ನಿಂತಳು. ಇನ್ನೊಂದು ಬದಿಯಲ್ಲಿ ನಿಂತುಕೋ ಅಂದರೆ ಕೇಳಲಿಲ್ಲ.

ಮೊದಲ ಸಲ ಒತ್ತುವಾಗ ನನ್ನ ಬೆನ್ನು ಬೆವರಿತು. ಭಯದಿಂದ. ಬಸವ ಗೆರೆ ಎಳೆದ ಹಾಗೆ ಸೀದಾ ಬಂದು, ಮೂಗು ಬಗ್ಗಿಸಿ, ನಿಂತ. ಟೈರಿನ ಗುರುತು ಎರಡೂ ಕಡೆ ಸಮ. ಹತ್ತಾಯಿತು, ಇಪ್ಪತ್ತಾಯಿತು. ಸಾಕಲ್ಲ ಎಂದು ಕಿಟಕಿಯಿಂದ ಕೇಳಿದರೆ, "ಇಪ್ಪತ್ತೊಂಬತ್ತು. ಇನ್ನೊಂದಿದೆ," ಅಂದಳು. ಅವಳ ಎಣಿಕೆಯಲ್ಲಿ ರಿಯಾಯಿತಿ ಇಲ್ಲ.

ಮಂಜುಶ್ರೀ ಗಂಡನ ಜೊತೆ ನೋಡಲು ಬಂದಿದ್ದಳು. ತನ್ನ ಪಟ್ಟಿಯನ್ನು ಬಗ್ಗಿ ಮುಟ್ಟಿ ನೋಡಿ, ಉಡಿದಾರಕ್ಕೆ ಅಳತೆ ಸರಿಹೋಯಿತು ಸಾರ್ ಅಂದಳು.

ಗಾಡಿ ಪಾಸಾಯಿತು. ಪ್ರೇಮಾ ಬಸ್ಸಿನಲ್ಲೇ ಮನೆಗೆ ಹೋದಳು. ಬಾ ಎಂದು ನಾನು ಕರೆಯಲಿಲ್ಲ. ಕರೆದು ಬರಿಸುವ ವಿಷಯವಲ್ಲ ಅದು.

೧೭ ನವೆಂಬರ್, ಸೋಮವಾರ

ಕಾರ್ತೀಕದ ಕೊನೆಯ ಸೋಮವಾರ. ಬೆಳಿಗ್ಗೆ ಐದಕ್ಕೆ ಪಾತ್ರೆ ಹೇರಿಕೊಂಡು ಬೆಟ್ಟ ಹತ್ತಿದೆ. ಬಾಡಿಗೆಗೆ ಎರಡನೆಯ ಗಾಡಿ ಹಿಡಿದು ಭಾರ ಹಂಚಿದ್ದೆ. ಬೆಟ್ಟಯ್ಯನವರು ಹಾಕಿದ ಷರತ್ತು. ಇಳಿಯುವಾಗ ಎರಡನೆಯ ಗೇರು ಎಂಬುದು ಇನ್ನೊಂದು. ಪ್ರೇಮಾ ಏಳರ ಬಸ್ಸಿಗೆ ಬಂದಳು. ಆರುನೂರು ಎಲೆ, ಹುಗ್ಗಿ, ಅನ್ನ, ಸಾರು. ಮೂರು ಗಂಟೆಗೆ ಎಲ್ಲ ತೊಳೆದು ಹೇರಿದ್ದಾಯಿತು. ಎರಡನೆಯ ಗಾಡಿ ಮುಂದೆ ಹೋಯಿತು.

ಬಸ್ಸು ಬಂದು ನಿಂತಿತ್ತು. ಪ್ರೇಮಾ ಸೌಟಿನ ಪೆಟ್ಟಿಗೆಗೆ ಬೀಗ ಹಾಕಿದಳು. ಬಸ್ಸಿನ ಕಡೆ ನೋಡಿದಳು, ಗಾಡಿಯ ಕಡೆ ನೋಡಿದಳು. ನಾನು ಸುಮ್ಮನೆ ಕನ್ನಡಿ ಒರೆಸುತ್ತಿದ್ದೆ, ಒರೆಸಿದ್ದನ್ನೇ ಒರೆಸುತ್ತಿದ್ದೆ. ಆ ಕಡೆಯ ಬಾಗಿಲು ತೆಗೆದ ಸದ್ದು, ಮುಚ್ಚಿದ ಸದ್ದು.

ಎರಡನೆಯ ಗೇರಿನಲ್ಲಿ ಇಳಿಯತೊಡಗಿದೆ. ಅವಳ ಕೈ ಬಾಗಿಲಿನ ಹಿಡಿಯನ್ನು ಬಿಗಿದುಕೊಂಡಿತ್ತು. ಬಲಗಾಲು ತನ್ನ ಕಡೆ ಇಲ್ಲದ ಪೆಡಲನ್ನು ಒತ್ತುತ್ತಿತ್ತು. ನನ್ನ ಕಾಲು ಒತ್ತಿದಾಗೆಲ್ಲ ಅವಳದೂ ಒತ್ತಿತು. ಮೊದಲ ತಿರುವು ಕಳೆಯಿತು. ಎರಡನೆಯದು ಕಳೆಯಿತು. ಮೂರನೆಯದು ಕಾಣಿಸಿತು. ಆ ದಿಬ್ಬದಲ್ಲಿ ನಮ್ಮ ಬಂಪರಿನ ಗುರುತು ಇನ್ನೂ ಹಾಗೇ ಇದೆ, ಅದರ ಮೇಲೆ ಹುಲ್ಲು ಬಂದಿದೆ.

"ನಿಲ್ಸಿ," ಅಂದಳು.

ಇಳಿಯುತ್ತಾಳೇನೋ ಅಂದುಕೊಂಡೆ. ಒತ್ತಿದೆ. ಪೆಡಲು ಎರಡು ಬೆರಳಷ್ಟು ಇಳಿದು ಕಲ್ಲಾಯಿತು. ಬಸವ ಆ ಇಳಿಜಾರಿನ ನಟ್ಟನಡುವೆ, ತಿರುವಿನ ಬಾಯಲ್ಲಿ, ದಿಬ್ಬಕ್ಕೆ ಒಂದು ಮಾರು ಇರುವಾಗ ನಿಂತ. ಹಿಂದೆ ಕೊಪ್ಪರಿಗೆ ಒಂದೇ ಒಂದು ಸಲ ಗಂಟೆಯ ಹಾಗೆ ಢಣ್ ಎಂದು ಸುಮ್ಮನಾಯಿತು. ಎಂಜಿನ್ನಿನ ಸದ್ದು ಬಿಟ್ಟರೆ ಏನಿಲ್ಲ. ಕೆಳಗೆ ಇಡೀ ಮೈಸೂರು ಬಿಸಿಲಲ್ಲಿ ಬಿದ್ದುಕೊಂಡಿತ್ತು.

ಅವಳು ದಿಬ್ಬವನ್ನು ನೋಡಿದಳು. ಇಳಿಯಲಿಲ್ಲ.

"ಯಾಕೆ ನಿಲ್ಸೋಕೆ ಹೇಳ್ದೆ?" ಎಂದು ಕೇಳಿದೆ.

"ನಿಲ್ಲುತ್ತೋ ಇಲ್ವೋ ನೋಡೋಣ ಅಂತ. ನಿಂತ್ಕೊಂತಲ್ಲ, ನಡೀರಿ."

ಬ್ರೇಕಿನಿಂದ ಕಾಲು ತೆಗೆದೆ. ಆ ತಿರುವು ದಾಟುವಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತು, ಸೌಟಿನ ಪಟ್ಟಿ ಬಿಡಿಸಿದ್ದಳು. ನಂದಿಯ ಕಡೆಗಿನ ದಾರಿ ಬಂದಾಗ ನಾನು ಕೈ ಮುಗಿದೆ. ಎರಡೂ ಕೈ ಬಿಡಬೇಡಿ ಎಂದು ಪಟ್ಟಿಯಿಂದ ತಲೆ ಎತ್ತದೆ ಗದರಿದಳು. ಕೆಳಗೆ ಬಂದು ಮುಟ್ಟುವಾಗ ತೂಕಡಿಸುತ್ತಿದ್ದಳು.

ನನ್ನ ಜೀವಮಾನದಲ್ಲಿ ಇದಕ್ಕಿಂತ ಚೆನ್ನಾಗಿ ಗಾಡಿ ಓಡಿಸಿದ ನೆನಪಿಲ್ಲ.

ಮನೆಗೆ ಬಂದು ಎಣಿಸಿದಳು. ಹೋದ ಸೌಟು ನೂರಾ ಹತ್ತು, ಬಂದ ಸೌಟು ನೂರಾ ಹನ್ನೊಂದು. ಯಾರದೋ ಒಂದು ನಮ್ಮ ಜೊತೆ ಬಂದಿದೆ.

೨೩ ನವೆಂಬರ್, ಭಾನುವಾರ

ಗುರುಸಿದ್ದಯ್ಯನವರಿಗೆ ಗಾಡಿ ಮಾರುವುದಿಲ್ಲ ಎಂದು ಪ್ರೇಮಾ ಹೇಳಿ ಕಳಿಸಿದಳು.

ನಾಲ್ಕು ಗಂಟೆಗೆ ಇಬ್ಬರೂ ಬಸವನಲ್ಲಿ ಕೆಸರೆಗೆ ಹೋದೆವು, ಹುಗ್ಗಿ ತೆಗೆದುಕೊಂಡು. ಬೆಟ್ಟಯ್ಯನವರಿಗೆ ನನ್ನಿಂದ ಒಂದು ಕೆಲಸ ಆಗಬೇಕಿತ್ತಂತೆ. ಮುಂದಿನ ಆಯುಧಪೂಜೆಯೊಳಗೆ ಶೆಡ್ಡಿನ ಬಾಗಿಲಿಗೆ, ಆ ಎರಡು ಪ್ಯಾಡುಗಳ ಮೇಲೆ, ಒಂದು ಬೋರ್ಡು ಬೇಕು, ಪ್ರಾಸ ಹಾಕಿ ಬರೆದುಕೊಡಿ ಅಂದರು. ಅಕ್ಟೋಬರಿನಿಂದ ಒಣಗಿದ್ದ ಪ್ರಾಸ ಅಲ್ಲೇ ನಿಂತಲ್ಲೇ ಬಂತು:

ಬಾನೆಟ್ಟಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆ ಇಡಿ;
ಬ್ರೇಕಿನ ಹತ್ತಿರ ಬರುವಾಗ ಎಣ್ಣೆಗೈ ಹಿಂದಕ್ಕೆ ಹಿಡಿ.

ಬೆಟ್ಟಯ್ಯನವರು ಎರಡು ಸಲ ಓದಿಸಿಕೊಂಡರು. ಕೆಳಗೆ ಬರೆದವರ ಹೆಸರು ಹಾಕಬೇಕಾ, ಬೇಡ್ವಾ, ನೋಡಿದವರೆಲ್ಲ ಕೇಳುತ್ತಾರೆ ಸಾ, ಎಂದು ನನ್ನನ್ನೇ ನೋಡಿದರು. ಪ್ರೇಮಾಳೂ ನೋಡಿದಳು.

ಹಾಕಿ ಅಂದೆ. ಪೂರ್ತಿ ಹಾಕಿ: ಅನುಭವಿ ಚಂದ್ರಮೌಳಿ, ಬಿ.ಎ., ಅಗ್ರಹಾರ.